ಮೊದಲ ಹಿಮಾಲಯ ಚಾರಣಕ್ಕೆ ತುಂಗನಾಥ–ಚಂದ್ರಶಿಲಾ: ಅವಸರವಿಲ್ಲದೆ ಹತ್ತುವ ಬಗೆ

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು ಗಿರಿಗದ್ದೆ ದಾಟಿ ಕುಮಾರ ಪರ್ವತದ ತುದಿ ಮುಟ್ಟಿದವರು ಸುಮಾರು ಒಂದೂವರೆ ಸಾವಿರ ಮೀಟರ್‌ಗಳ ಏರನ್ನು ತಮ್ಮ ಕಾಲಿನಲ್ಲೇ ಅಳೆದಿರುತ್ತಾರೆ. ಉತ್ತರಾಖಂಡದ ಚೋಪ್ತಾದಿಂದ ತುಂಗನಾಥದ ಮೂಲಕ ಚಂದ್ರಶಿಲಾ ಶಿಖರಕ್ಕೆ ಇರುವ ಏರು ಅದಕ್ಕಿಂತ ಎಷ್ಟೋ ಕಡಿಮೆ, ಹೆಚ್ಚೆಂದರೆ ಒಂದು ಸಾವಿರ ಮೀಟರ್. ದೂರ ಒಂದು ಕಡೆಗೆ ಸುಮಾರು ಐದು ಕಿಲೋಮೀಟರ್. ಅದರಲ್ಲಿ ತುಂಗನಾಥ ದೇವಸ್ಥಾನದವರೆಗಿನ ಮೂರೂವರೆ ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಇಷ್ಟಾದರೂ ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದ ಗಟ್ಟಿಗರು ತುಂಗನಾಥದ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತಿರುವುದನ್ನು ಕಾಣಬಹುದು. ಮೊದಲ ಸಲ ಹೋದಾಗ ಹಾಗೆ ಕುಳಿತವರಲ್ಲಿ ನಾನೂ ಒಬ್ಬ. ಋಷಿಕೇಶದಿಂದ ನೇರವಾಗಿ ಚೋಪ್ತಾಕ್ಕೆ ಬಂದು, ರಾತ್ರಿ ನಾಲ್ಕು ತಾಸು ಮಲಗಿದಂತೆ ಮಾಡಿ, ಸೂರ್ಯೋದಯ ನೋಡಲೇಬೇಕೆಂದು ಮೂರು ಗಂಟೆಗೆ ಎದ್ದು ಹೊರಟವನು ದೇವಸ್ಥಾನದ ಹತ್ತಿರ ಎರಡು ಸಲ ವಾಂತಿ ಮಾಡಿಕೊಂಡು ಶಿಖರ ಕಾಣದೆ ಇಳಿದುಬಂದೆ. ಕಾಲು ಚೆನ್ನಾಗಿಯೇ ಇತ್ತು. ಲೆಕ್ಕ ತಪ್ಪಿದ್ದು ದಿನಗಳದ್ದು. ಆದ್ದರಿಂದ ಈ ಚಾರಣಕ್ಕೆ ಹೊರಡುವವರು ಎಲ್ಲಕ್ಕಿಂತ ಮೊದಲು ಒಂದು ದಿನದ ರಜೆಯನ್ನು ಹೆಚ್ಚಿಗೆ ಕೇಳಿ ಪಡೆಯಬೇಕು. ಉಳಿದದ್ದೆಲ್ಲ ಆಮೇಲಿನದು.

ಆ ಒಂದು ದಿನ ಏಕೆ ಬೇಕು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ನಾವು ಚಾರಣ ಆರಂಭಿಸಲಿರುವ ಸಾರಿ ಎಂಬ ಹಳ್ಳಿಯೇ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯಷ್ಟು ಎತ್ತರದಲ್ಲಿದೆ. ಅಲ್ಲಿ ಜನ ಎಮ್ಮೆ ಕಟ್ಟಿಕೊಂಡು, ಗೋಧಿ ಬೆಳೆದುಕೊಂಡು ಬದುಕುತ್ತಿದ್ದಾರೆ. ಚಂದ್ರಶಿಲಾ ಹನ್ನೆರಡು ಸಾವಿರ ಅಡಿಗೂ ಮಿಗಿಲು. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ, ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ತನ್ನದೇ ವೇಗದಲ್ಲಿ ಹೊಂದಿಕೊಳ್ಳುತ್ತದೆ. ನಮ್ಮ ದೀರ್ಘ ವಾರಾಂತ್ಯದ ವೇಗದಲ್ಲಿ ಅಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಹೀಗಿದೆ. ಮೊದಲ ದಿನ ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಒಂದು ತಾಸಿನೊಳಗೆ ತಲುಪುವ ಋಷಿಕೇಶದಲ್ಲಿ ತಂಗಬೇಕು. ಎರಡನೆಯ ದಿನ ಸಾರಿ ಹಳ್ಳಿಗೆ ಪ್ರಯಾಣ ಮಾಡಿ ಅಲ್ಲೇ ರಾತ್ರಿ ಕಳೆಯಬೇಕು. ಮೂರನೆಯ ದಿನ ಬೆಳಿಗ್ಗೆ ದೇವರಿಯಾ ತಾಲ್ ಎಂಬ ಸರೋವರಕ್ಕೆ ಹತ್ತಿ ಇಳಿದು, ಮಧ್ಯಾಹ್ನದ ನಂತರ ವಾಹನದಲ್ಲಿ ಚೋಪ್ತಾಕ್ಕೆ ಹೋಗಿ ತಂಗಬೇಕು. ನಾಲ್ಕನೆಯ ದಿನ ತುಂಗನಾಥ ಮತ್ತು ಚಂದ್ರಶಿಲಾ. ಐದನೆಯ ದಿನ ಋಷಿಕೇಶಕ್ಕೆ ಮರಳಬೇಕು, ಆರನೆಯ ದಿನ ವಿಮಾನ. ಇದರ ಮೇಲೆ ಮಳೆಗೋ ರಸ್ತೆ ಕುಸಿತಕ್ಕೋ ಇನ್ನೊಂದು ದಿನವನ್ನು ಕೈಯಲ್ಲಿಟ್ಟುಕೊಂಡರೆ ಒಟ್ಟು ಏಳು. ಸಾರಿಯ ರಾತ್ರಿಯನ್ನು ಮತ್ತು ದೇವರಿಯಾ ತಾಲ್‌ನ ಬೆಳಗನ್ನು ಕತ್ತರಿಸಿ ಒಂದು ದಿನ ಉಳಿಸಬಹುದೆಂದು ಯಾರಿಗಾದರೂ ತೋಚುತ್ತದೆ. ನನಗೂ ಹಾಗೆಯೇ ತೋಚಿತ್ತು.

ಯಾವ ತಿಂಗಳು

ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಮತ್ತು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಹೊಸಬರಿಗೆ ಒಳ್ಳೆಯ ಕಾಲ. ಮಾರ್ಚ್ ಕೊನೆ ಮತ್ತು ಏಪ್ರಿಲ್‌ನಲ್ಲಿ ಹೋದರೆ ಉತ್ತರಾಖಂಡದ ರಾಜ್ಯವೃಕ್ಷವಾದ ಬುರಾಂಶ್ ಕೆಂಪಗೆ ಹೂಬಿಟ್ಟಿರುತ್ತದೆ. ಆ ಹೂವಿನ ಶರಬತ್ತನ್ನು ದಾರಿಯುದ್ದಕ್ಕೂ ಅಂಗಡಿಗಳಲ್ಲಿ ಮಾರುತ್ತಾರೆ. ಆದರೆ ಆ ವೇಳೆಗೆ ತುಂಗನಾಥದ ಮೇಲ್ಭಾಗದಲ್ಲಿ ಹಿಮ ಉಳಿದಿರುವ ಸಂಭವ ಹೆಚ್ಚು, ದೇವಸ್ಥಾನದ ಬಾಗಿಲೂ ತೆರೆದಿರುವುದಿಲ್ಲ. ಬಾಗಿಲು ತೆರೆಯುವುದು ಏಪ್ರಿಲ್ ಕೊನೆ ಅಥವಾ ಮೇ ತಿಂಗಳಿನಲ್ಲಿ, ಮುಚ್ಚುವುದು ದೀಪಾವಳಿಯ ಆಸುಪಾಸಿನಲ್ಲಿ. ನಿಖರವಾದ ದಿನವನ್ನು ಪ್ರತಿ ವರ್ಷ ಪಂಚಾಂಗ ನೋಡಿ ಪ್ರಕಟಿಸುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಚಳಿಗಾಲದ ಪೂಜೆ ಕೆಳಗಿನ ಮಕ್ಕೂಮಠದಲ್ಲಿ ನಡೆಯುತ್ತದೆ. ಮೇ ಮತ್ತು ಜೂನ್‌ನಲ್ಲಿ ಕೇದಾರನಾಥಕ್ಕೆ ಹೋಗುವ ವಾಹನಗಳು ರುದ್ರಪ್ರಯಾಗದಿಂದ ಕುಂಡ್ ಎಂಬ ಕವಲಿನವರೆಗೆ ಇದೇ ರಸ್ತೆಯಲ್ಲಿ ಸಾಲುಗಟ್ಟುವುದರಿಂದ ಎರಡು ಮೂರು ತಾಸು ಹೆಚ್ಚಿಗೆ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಅಕ್ಟೋಬರ್ ಎನ್ನುತ್ತೇನೆ: ಮಳೆ ತೊಳೆದ ಆಕಾಶ, ಸ್ಪಷ್ಟವಾಗಿ ಕಾಣುವ ಶಿಖರಗಳು, ಹದವಾದ ಜನ.

ಜುಲೈ, ಆಗಸ್ಟ್ ಬೇಡ. ಈ ಕಣಿವೆಗಳಲ್ಲಿ ಮಳೆಗಾಲವೆಂದರೆ ಭೂಕುಸಿತ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಹಿಮದ ಚಿತ್ರಗಳು ಮೊಬೈಲಿನಲ್ಲಿ ಬಹಳ ಸುಂದರವಾಗಿರುತ್ತವೆ, ಆದರೆ ಹಾಸುಗಲ್ಲಿನ ಮೇಲೆ ಬಿದ್ದ ಹಿಮ ತುಳಿತಕ್ಕೆ ಸಿಕ್ಕು ಗಾಜಿನಂತೆ ಗಟ್ಟಿಯಾದಾಗ ಸಾಮಾನ್ಯ ಬೂಟಿನಲ್ಲಿ ಹತ್ತು ಹೆಜ್ಜೆ ಇಡುವುದೂ ಕಷ್ಟ. ಬೂಟಿಗೆ ಕಟ್ಟಿಕೊಳ್ಳುವ ಮೊಳೆಗಳನ್ನು ಬಳಸಿ, ಗೈಡ್ ಜೊತೆಯಲ್ಲೇ ಹೋಗಬೇಕಾದ ಕಾಲ ಅದು. ಮೊದಲ ಚಾರಣವನ್ನು ಅದರಿಂದ ಆರಂಭಿಸುವುದು ಬೇಡ.

ಸಿದ್ಧತೆ, ಅಟ್ಟದ ಮೇಲಿನ ಬೂಟು

ಆರು ವಾರ ಮೊದಲೇ ತಯಾರಿ ಆರಂಭವಾಗಲಿ. ವಾರಕ್ಕೆ ನಾಲ್ಕು ದಿನ ಐದು ಕಿಲೋಮೀಟರ್ ಬಿರುನಡಿಗೆ, ವಾರಾಂತ್ಯದಲ್ಲಿ ಬೆನ್ನಿಗೆ ಐದಾರು ಕಿಲೋ ಚೀಲ ಹೊತ್ತು ಶಿವಗಂಗೆಯೋ ಸಾವನದುರ್ಗವೋ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿಗಿಂತ ಒಳ್ಳೆಯ ಗರಡಿ ಬೇರೆ ಇಲ್ಲ. ಹತ್ತುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ. ಚಂದ್ರಶಿಲಾದಿಂದ ಇಳಿಯುವಾಗ ನೋಯುವುದು ಮಂಡಿ ಮತ್ತು ತೊಡೆಯ ಮುಂಭಾಗ. ಆದ್ದರಿಂದ ಬೆಟ್ಟ ಹತ್ತಿ ಬಸ್ಸಿನಲ್ಲಿ ಇಳಿಯುವ ಜಾಣತನವನ್ನು ಈ ಆರು ವಾರ ಕೈಬಿಡಬೇಕು. ರಕ್ತದೊತ್ತಡ, ಆಸ್ತಮಾ, ಹೃದಯದ ತೊಂದರೆ ಇರುವವರು ಟಿಕೆಟ್ ತೆಗೆಯುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಬೂಟು ಪಾದದ ಗೆಣ್ಣಿನ ಮೇಲಕ್ಕೆ ಬರುವಂಥದ್ದಾಗಿರಲಿ, ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಲಿ, ಮತ್ತು ಹೊರಡುವ ಮುನ್ನ ಅದನ್ನು ಹಾಕಿಕೊಂಡು ಕನಿಷ್ಠ ಮೂವತ್ತು ನಲವತ್ತು ಕಿಲೋಮೀಟರ್ ನಡೆದಿರಿ. ಹಳೆಯ ಬೂಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ನನ್ನ ಗೆಳೆಯರೊಬ್ಬರು ಆರೇಳು ವರ್ಷ ಅಟ್ಟದ ಮೇಲಿಟ್ಟಿದ್ದ, ನೋಡಲು ಹೊಸದರಂತೆಯೇ ಇದ್ದ ಒಳ್ಳೆಯ ಬೂಟನ್ನು ಒರೆಸಿ ತಂದಿದ್ದರು. ಚೋಪ್ತಾದಿಂದ ಒಂದು ಕಿಲೋಮೀಟರ್ ಹತ್ತುವಷ್ಟರಲ್ಲಿ ಬಲಗಾಲಿನ ತಳ ಮೊಸಳೆಯ ಬಾಯಿಯಂತೆ ತೆರೆದುಕೊಂಡಿತು. ಅರ್ಧ ಗಂಟೆಗೆ ಎಡಗಾಲಿನದೂ ಅದೇ ದಾರಿ ಹಿಡಿಯಿತು. ಬಿದ್ದ ಚೂರುಗಳನ್ನು ಎತ್ತಿ ಹಿಸುಕಿದರೆ ಹಳೆಯ ರಸ್ಕಿನಂತೆ ಪುಡಿಯಾಗುತ್ತಿದ್ದವು. ತಳದೊಳಗಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೆ ವರ್ಷಗಟ್ಟಲೆ ಸಿಕ್ಕು ಒಳಗೊಳಗೇ ಶಿಥಿಲವಾಗುತ್ತದೆ, ಬಳಸದೆ ಇಟ್ಟರೂ ಅದು ತಪ್ಪುವುದಿಲ್ಲ. ಚೀಲದ ದಾರದಿಂದ ತಳವನ್ನು ಪಾದಕ್ಕೆ ಸುತ್ತಿ ಕಟ್ಟಿಕೊಂಡು ಅವರು ಇಳಿದುಹೋದರು. ಊರಿನಲ್ಲೇ ಎರಡು ಬೆಟ್ಟ ಹತ್ತಿಸಿ ಪರೀಕ್ಷಿಸಿದ ಬೂಟನ್ನಷ್ಟೇ ನಂಬಬೇಕು.

ಬಟ್ಟೆಯಲ್ಲಿ ದಪ್ಪನೆಯ ಒಂದಕ್ಕಿಂತ ತೆಳುವಾದ ಮೂರು ಮೇಲು. ಮೈಗಂಟಿ ಬೆವರು ಹೀರಿ ಬೇಗ ಒಣಗುವ ಒಳ ಅಂಗಿ, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ಮಳೆ ತಡೆಯುವ ಜಾಕೆಟ್. ರಾತ್ರಿಗೆ ಮತ್ತು ಶಿಖರದಲ್ಲಿ ನಿಲ್ಲುವ ಹೊತ್ತಿಗೆ ಒಂದು ಗರಿ ತುಂಬಿದ ಜಾಕೆಟ್. ಹತ್ತುವಾಗ ಬೆವರುವ ಮೊದಲೇ ಒಂದು ಪದರ ಕಳಚಬೇಕು, ನಿಂತ ಕೂಡಲೇ ಹಾಕಿಕೊಳ್ಳಬೇಕು. ಹತ್ತಿಯ ಟೀ ಶರ್ಟ್ ಮತ್ತು ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತವೆ. ಅವು ಋಷಿಕೇಶಕ್ಕೆ ಸಾಕು. ಕಿವಿ ಮುಚ್ಚುವ ಟೋಪಿ, ಕೈಗವಸು, ಎರಡು ಜೊತೆ ಉಣ್ಣೆಯ ಕಾಲುಚೀಲ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ತಲೆಗೆ ಕಟ್ಟುವ ಟಾರ್ಚ್, ಓಆರ್‌ಎಸ್ ಪೊಟ್ಟಣಗಳು, ಎರಡು ಲೀಟರ್ ನೀರು ಹಿಡಿಯುವ ಬಾಟಲಿಗಳು ಬೇಕೇಬೇಕು. ತಿನ್ನಲು ಕಡಲೆಕಾಯಿ ಚಿಕ್ಕಿಯನ್ನು ಮೀರಿಸಿದ್ದನ್ನು ನಾನಿನ್ನೂ ಕಂಡಿಲ್ಲ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಫೋನನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಲಗಿರಿ.

ಋಷಿಕೇಶದಿಂದ ಸಾರಿ ಹಳ್ಳಿಗೆ

ಋಷಿಕೇಶದಿಂದ ಬೆಳಿಗ್ಗೆ ಆರರೊಳಗೆ ಹೊರಡಬೇಕು, ಏಕೆಂದರೆ ಬೆಟ್ಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಪ್ರಯಾಣ ಮಾಡುವುದು ಸರಿಯಲ್ಲ. ಭಾಗೀರಥಿ ಮತ್ತು ಅಲಕನಂದಾ ಕೂಡುವ ದೇವಪ್ರಯಾಗ, ನಂತರ ಶ್ರೀನಗರ, ಅಲಕನಂದೆಗೆ ಮಂದಾಕಿನಿ ಸೇರುವ ರುದ್ರಪ್ರಯಾಗ, ಅಗಸ್ತ್ಯಮುನಿ, ಕುಂಡ್, ಊಖೀಮಠ, ಕೊನೆಗೆ ಸಾರಿ ಎಂಬುದು ದಾರಿ. ಎಂಟರಿಂದ ಒಂಬತ್ತು ತಾಸು ಹಿಡಿಯಬಹುದು. ಬಾಡಿಗೆ ಕಾರು ಬೇಡವೆನ್ನುವವರು ಬೆಳಗಿನ ಬಸ್ಸಿನಲ್ಲಿ ರುದ್ರಪ್ರಯಾಗಕ್ಕೆ ಬಂದು ಅಲ್ಲಿಂದ ಊಖೀಮಠಕ್ಕೆ, ಊಖೀಮಠದಿಂದ ಸಾರಿ ಹಳ್ಳಿಗೆ ಶೇರ್ ಜೀಪು ಹಿಡಿಯುತ್ತಾರೆ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಹಣವನ್ನು ರುದ್ರಪ್ರಯಾಗದಲ್ಲೇ ತೆಗೆದಿಟ್ಟುಕೊಳ್ಳಿ. ಮೇಲೆ ಅರಣ್ಯ ಇಲಾಖೆಯ ಪ್ರವೇಶ ಶುಲ್ಕದಿಂದ ಹಿಡಿದು ಚಹಾದವರೆಗೆ ನಗದನ್ನೇ ನಂಬುವುದು ಒಳ್ಳೆಯದು.

ಊಖೀಮಠದಲ್ಲಿ ಕನ್ನಡಿಗರು ಅರ್ಧ ಗಂಟೆ ನಿಲ್ಲಬೇಕು. ಕೇದಾರನಾಥದ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಕೇದಾರನ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರಪೀಠವೂ ಇಲ್ಲಿಯೇ ಇದೆ. ಕೇದಾರನಾಥದ ಪ್ರಧಾನ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಗೆ ಸೇರಿದವರು. ತುಂಗನಾಥದ ಕ್ರಮ ಬೇರೆ. ಕೇದಾರನಾಥ, ತುಂಗನಾಥ, ರುದ್ರನಾಥ, ಮದ್‌ಮಹೇಶ್ವರ, ಕಲ್ಪೇಶ್ವರ ಎಂಬ ಐದು ಶಿವಕ್ಷೇತ್ರಗಳಾದ ಪಂಚಕೇದಾರಗಳ ಪೈಕಿ ಅತಿ ಎತ್ತರದಲ್ಲಿರುವ ತುಂಗನಾಥದಲ್ಲಿ ಪೂಜೆ ಮಾಡುವವರು ಪಕ್ಕದ ಮಕ್ಕೂ ಗ್ರಾಮದ ಸ್ಥಳೀಯ ಬ್ರಾಹ್ಮಣರು.

ಸಾರಿಯಲ್ಲಿ ಮನೆಗಳಲ್ಲೇ ಕೋಣೆ ಕೊಡುತ್ತಾರೆ. ರಾತ್ರಿ ಊಟಕ್ಕೆ ಆಲೂ ಪರಾಠಾ ಕೇಳುವ ಬದಲು ‘ಮಂಡುವೆ ಕಿ ರೋಟಿ’ ಇದೆಯೇ ಎಂದು ವಿಚಾರಿಸಿ. ಮಂಡುವಾ ಎಂದರೆ ನಮ್ಮ ರಾಗಿಯೇ, ಗಹತ್ ಎಂದರೆ ಹುರುಳಿ. ಎರಡು ಸಾವಿರ ಮೀಟರ್ ಎತ್ತರದ ಚಳಿಯಲ್ಲಿ, ಒಲೆಯ ಮುಂದೆ, ರಾಗಿ ರೊಟ್ಟಿಗೆ ತುಪ್ಪ ಸವರಿ ಹುರುಳಿ ಸಾರಿನಲ್ಲಿ ಅದ್ದಿ ತಿನ್ನುವಾಗ ಮಂಡ್ಯ ಎಲ್ಲೋ ಹತ್ತಿರದಲ್ಲೇ ಇರುವಂತೆ ತೋರುತ್ತದೆ. ಮನೆಯವರನ್ನು ‘ಭೈಜಿ’, ‘ದೀದಿ’ ಎಂದು ಕರೆದರೆ ಮಾತು ಸಲೀಸಾಗುತ್ತದೆ.

ದೇವರಿಯಾ ತಾಲ್

ಸಾರಿಯಿಂದ ಸರೋವರಕ್ಕೆ ಎರಡೂವರೆ ಕಿಲೋಮೀಟರ್ ಏರು. ನಿಧಾನವಾಗಿ ನಡೆದರೂ ಎರಡು ತಾಸು ಸಾಕು. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಗಾಳಿ ಏಳುವ ಮುನ್ನ ನೀರಿನ ಮುಂದೆ ಇರುತ್ತೀರಿ. ಇದು ಮುಖ್ಯ, ಏಕೆಂದರೆ 7,138 ಮೀಟರ್ ಎತ್ತರದ ಚೌಖಂಬಾ ಶಿಖರ ನೀರಿನಲ್ಲಿ ಅಲುಗದೆ ಮೂಡುವುದು ಬೆಳಗಿನ ಆ ಒಂದೆರಡು ತಾಸು ಮಾತ್ರ. ಯಕ್ಷನು ಧರ್ಮರಾಯನನ್ನು ಪ್ರಶ್ನಿಸಿದ ಕೊಳ ಇದೇ ಎಂದು ಊರಿನವರು ಹೇಳುತ್ತಾರೆ. ಸುಮಾರು 2,400 ಮೀಟರ್ ಎತ್ತರದ ಇಲ್ಲಿ ಎರಡು ತಾಸು ಸುಮ್ಮನೆ ಕುಳಿತಿರುವುದು ಕಾಲಹರಣವಲ್ಲ, ಮರುದಿನದ ಏರಿಗೆ ದೇಹವನ್ನು ಒಗ್ಗಿಸುವ ಕೆಲಸ.

ಇಲ್ಲಿಂದ ರೋಹಿಣಿ ಬುಗ್ಯಾಲ್ ಎಂಬ ಹುಲ್ಲುಗಾವಲಿನ ಮೂಲಕ ಕಾಡಿನೊಳಗೇ ಚೋಪ್ತಾಕ್ಕೆ ಹೋಗುವ ದಿನವಿಡೀ ನಡೆಯುವ ದಾರಿಯೂ ಇದೆ. ಓಕ್ ಮತ್ತು ಬುರಾಂಶ್ ಮರಗಳ ಆ ಕಾಡು ಸೊಗಸಾದದ್ದು, ಆದರೆ ಕವಲುಗಳು ಹೆಚ್ಚು, ಕರಡಿಗಳಿವೆ. ಗೈಡ್ ಇಲ್ಲದೆ ಹೋಗಬಾರದು. ಮೊದಲ ಸಲ ಬಂದವರು ಸಾರಿಗೆ ಇಳಿದು ರಸ್ತೆಯಲ್ಲೇ ಚೋಪ್ತಾಕ್ಕೆ ಹೋಗುವುದು ಒಳಿತು. ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿದೆ; ಹುಲ್ಲುಗಾವಲಿನ ನಡುವೆ ಡೇರೆ ಹಾಕಿಸುತ್ತೇವೆಂದು ಯಾರಾದರೂ ಆಸೆ ತೋರಿಸಿದರೆ ಒಪ್ಪಬೇಡಿ.

ತುಂಗನಾಥ, ಚಂದ್ರಶಿಲಾ

ಚೋಪ್ತಾದಲ್ಲಿ ವಿದ್ಯುತ್ತು ಸೌರಫಲಕಗಳದ್ದು, ಫೋನ್ ಸಂಪರ್ಕ ನೆಚ್ಚುವಂಥದ್ದಲ್ಲ. ಮನೆಗೆ ಹೇಳಬೇಕಾದುದನ್ನು ಊಖೀಮಠದಲ್ಲೇ ಹೇಳಿಬಿಡಿ. ಸೂರ್ಯೋದಯಕ್ಕೆಂದು ಮೂರು ಗಂಟೆಗೆ ಹೊರಡುವ ಪದ್ಧತಿ ಇದೆ. ನನ್ನ ಸಲಹೆ ಐದು ಗಂಟೆ. ಎರಡು ತಾಸಿನ ಹೆಚ್ಚುವರಿ ನಿದ್ದೆ ಸಿಗುತ್ತದೆ, ಕಾಲಿಟ್ಟ ಜಾಗ ಕಾಣುತ್ತದೆ, ದಾರಿಯಲ್ಲೇ ಶಿಖರಗಳಿಗೆ ಬಿಸಿಲು ತಾಗುವುದನ್ನು ನೋಡಬಹುದು, ಮಧ್ಯಾಹ್ನದ ಮೋಡ ಕವಿಯುವ ಮುನ್ನ ಇಳಿಯಲೂಬಹುದು.

ವೇಗಕ್ಕೆ ಒಂದೇ ಅಳತೆ: ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಆಡಲು ಆಗುತ್ತಿರಬೇಕು. ವಾಕ್ಯದ ನಡುವೆ ಉಸಿರು ಎಳೆಯಬೇಕಾದರೆ ನೀವು ಓಡುತ್ತಿದ್ದೀರಿ. ತಿರುವಿನಲ್ಲಿ ಅಡ್ಡದಾರಿ ಹಿಡಿದು ಹುಲ್ಲು ತುಳಿಯುತ್ತಾ ಮೇಲೇರುವವರನ್ನು ಅನುಸರಿಸಬೇಡಿ; ಅದು ಮಣ್ಣನ್ನು ಸಡಿಲಿಸುತ್ತದೆ, ನಿಮ್ಮ ಉಸಿರನ್ನೂ ಕೆಡಿಸುತ್ತದೆ. ಈ ದಾರಿಯಲ್ಲಿ ಹೇಸರಗತ್ತೆಗಳು ಬರುತ್ತವೆ. ಗಂಟೆಯ ಸದ್ದು ಕೇಳಿದ ಕೂಡಲೇ ಗುಡ್ಡದ ಬದಿಗೆ ಒರಗಿ ನಿಲ್ಲಬೇಕೇ ಹೊರತು ಕಣಿವೆಯ ಬದಿಗಲ್ಲ. ಹೊರೆ ತಾಗಿದರೆ ಬೀಳುವುದು ಎತ್ತ ಎಂಬುದನ್ನು ಯೋಚಿಸಿದರೆ ಸಾಕು. ದಾರಿಯ ಬದಿಯ ಪೊದೆಗಳಲ್ಲಿ ಲೋಹದಂತೆ ಹೊಳೆಯುವ ನೀಲಿ ಹಸಿರು ಬಣ್ಣ ಥಟ್ಟನೆ ಹಾರಿದರೆ ಅದು ಮೊನಾಲ್, ಉತ್ತರಾಖಂಡದ ರಾಜ್ಯಪಕ್ಷಿ.

ತುಂಗನಾಥಕ್ಕೆ ಎರಡೂವರೆಯಿಂದ ಮೂರು ತಾಸು. ಅಲ್ಲಿ ಅರ್ಧ ಗಂಟೆ ಕುಳಿತು, ಬಿಸಿ ಚಹಾ ಕುಡಿದು, ತಲೆಯನ್ನು ವಿಚಾರಿಸಿಕೊಳ್ಳಬೇಕು. ಸಣ್ಣ ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ತಲೆಸುತ್ತು ಎತ್ತರದ ತೊಂದರೆಯ ಮೊದಲ ಗುರುತುಗಳು. ಇವು ಇದ್ದಾಗ ಮೇಲೆ ಹೋಗಬಾರದು. ವಿಶ್ರಾಂತಿಯಿಂದ ಹೋಗದಿದ್ದರೆ ಕೆಳಗಿಳಿಯಬೇಕು. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಕುಡಿದವರಂತೆ ತೂರಾಡುವ ನಡಿಗೆ, ಅಸಂಬದ್ಧ ಮಾತು ಕಂಡರೆ ಒಂದು ಕ್ಷಣವೂ ತಡಮಾಡದೆ, ಒಂಟಿಯಾಗಿ ಬಿಡದೆ, ಇಳಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಡೈಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವ ಅಸಿಟಜೋಲಮೈಡ್ ಮಾತ್ರೆಯನ್ನು ಕೆಲವರು ಮುಂಜಾಗ್ರತೆಗೆ ನುಂಗುತ್ತಾರೆ. ಸಲ್ಫಾ ಔಷಧಿಗಳು ಒಗ್ಗದವರಿಗೆ ಅದು ಅಪಾಯಕಾರಿಯಾಗಬಹುದಾದ್ದರಿಂದ ಊರಿನಲ್ಲೇ ವೈದ್ಯರನ್ನು ಕೇಳಿರಬೇಕು. ಆ ಮಾತ್ರೆ ನುಂಗಿದವರು ಮೇಲೇರಬಹುದು ಎಂಬ ಪರವಾನಗಿ ಅದಲ್ಲ.

ದೇವಸ್ಥಾನದಿಂದ ಶಿಖರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್. ಹಾಸುಗಲ್ಲು ಇಲ್ಲಿ ಮುಗಿಯುತ್ತದೆ, ಏರು ಕಡಿದಾಗುತ್ತದೆ, ಒಂದರಿಂದ ಒಂದೂವರೆ ತಾಸು ಬೇಕು. ತುದಿಯಲ್ಲಿ ಒಂದು ಪುಟ್ಟ ಗುಡಿ, ಕಲ್ಲುಗಳ ಗುಪ್ಪೆಗಳು, ಎದುರಿಗೆ ಚೌಖಂಬಾ ಮತ್ತು ಕೇದಾರ ಶಿಖರ, ಪೂರ್ವಕ್ಕೆ ತ್ರಿಶೂಲ್ ಮತ್ತು 7,816 ಮೀಟರ್ ಎತ್ತರದ ನಂದಾದೇವಿ. ಬಯಲು ಶಿಖರವಾದುದರಿಂದ ಗುಡುಗು ಕೇಳಿದರೆ, ಮೋಡ ಕಪ್ಪಾದರೆ ಚಿತ್ರ ತೆಗೆಯುವುದನ್ನು ಬಿಟ್ಟು ಇಳಿಯಬೇಕು. 2024ರ ಜೂನ್‌ನಲ್ಲಿ ಇದೇ ರಾಜ್ಯದ ಸಹಸ್ರತಾಲ್ ಚಾರಣದಲ್ಲಿ ಕೆಟ್ಟ ಹವಾಮಾನಕ್ಕೆ ಸಿಲುಕಿ ಕರ್ನಾಟಕದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅದು ಇದಕ್ಕಿಂತ ಹೆಚ್ಚು ಎತ್ತರದ, ಹಲವು ದಿನಗಳ ದಾರಿ. ಆದರೆ ಜೂನ್ ತಿಂಗಳಿನಲ್ಲೂ ಅಲ್ಲಿ ಚಳಿ ಕೊಲ್ಲಬಲ್ಲದು ಎಂಬುದು ಈ ಬೆಟ್ಟಗಳಿಗೆ ಹೋಗುವವರೆಲ್ಲರಿಗೂ ತಿಳಿದಿರಬೇಕು.

ಇಳಿಯುವಾಗ ಮಂಡಿಯನ್ನು ತುಸು ಬಾಗಿಸಿ, ಹೆಜ್ಜೆ ಚಿಕ್ಕದಾಗಿಟ್ಟು, ಬೂಟಿನ ಲೇಸನ್ನು ಗೆಣ್ಣಿನ ಹತ್ತಿರ ಬಿಗಿಯಾಗಿ ಕಟ್ಟಿಕೊಂಡರೆ ಬೆರಳುಗಳು ಮುಂದಕ್ಕೆ ಗುದ್ದಿಕೊಳ್ಳುವುದಿಲ್ಲ. ಊರುಗೋಲನ್ನು ಇಳಿಯುವಾಗ ಒಂದಿಷ್ಟು ಉದ್ದ ಮಾಡಿಕೊಳ್ಳಿ. ಹನ್ನೆರಡು, ಒಂದು ಗಂಟೆಯ ಹೊತ್ತಿಗೆ ಚೋಪ್ತಾ ಸೇರಿದರೆ ಅಂದೇ ರುದ್ರಪ್ರಯಾಗಕ್ಕಾದರೂ ಹೋಗಿಬಿಡೋಣ ಎಂದು ಗುಂಪಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ರಾಜ್ಮಾ ಅನ್ನ ತಿನ್ನಿಸಿ, ಬಿಸಿಲಿನಲ್ಲಿ ಕಾಲು ಚಾಚಿ ಕೂರಿಸಿ ಅವರನ್ನು ಸುಮ್ಮನಾಗಿಸಬೇಕು. ಮರುದಿನ ಬೆಳಿಗ್ಗೆ ಆರಕ್ಕೆ ಹೊರಟರೆ ಕತ್ತಲಾಗುವ ಮೊದಲೇ ಋಷಿಕೇಶ.